ರವೆಯಂಥ ಹಿಮ

ಗುಲ್ಮಾರ್ಗ್‌ನಲ್ಲಿ ರಾತ್ರಿಯಿಡೀ ಹಿಮ ಸುರಿದು ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿದ್ದರೆ ಗೊಂಡೋಲಾ ಕೇಬಲ್‌ ಕಾರಿನ ಮುಂದೆ ಸ್ಕೀ ಹೊತ್ತವರ ಸಾಲು ಬೆಳೆಯುತ್ತದೆ. ಅಫರ್ವಾತ್‌ ಬೆಟ್ಟದ ಇಳಿಜಾರಿನಲ್ಲಿ ಮೊದಲ ಗೆರೆ ತಮ್ಮದೇ ಆಗಬೇಕೆಂಬ ಆಸೆ ಎಲ್ಲರಿಗೂ. ನನಗೂ ಇದೆ. ಆದರೂ ಅಂಥ ಬೆಳಿಗ್ಗೆ ನಾನು ಮೊದಲು ವಿಚಾರಿಸುವುದು ಈ ಸಲದ ಚಿಲ್ಲೈ ಕಲಾನ್‌ ಹೇಗೆ ಶುರುವಾಗಿತ್ತು ಎಂದು.

ಡಿಸೆಂಬರ್‌ 21ರಿಂದ 40 ದಿನ ಕೊರೆಯುವ ಚಳಿಗೆ ಕಾಶ್ಮೀರಿಗಳು ಇಟ್ಟ ಹೆಸರು ಅದು. ಆರಂಭದಲ್ಲಿ ಒಂದೆರಡು ಅಡಿ ಹಿಮ ಬಿದ್ದು, ಆಮೇಲೆ ವಾರಗಟ್ಟಲೆ ಒಣಹವೆ ಹಿಡಿಯಿತೆನ್ನಿ. ನೆಲಕ್ಕೆ ತಾಗಿದ ಹಿಮ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಮೇಲ್ಮೈ ರಾತ್ರಿಯ ಚಳಿಗೆ ಮರಗಟ್ಟುತ್ತದೆ. ಕೆಳಗಿನ ಆವಿ ಮೇಲೇರುತ್ತ ಏರುತ್ತ ಹರಳುಗಳ ರೂಪವನ್ನೇ ಬದಲಿಸಿ, ಒಂದಕ್ಕೊಂದು ಅಂಟದ ಕಾಳುಗಳಾಗಿಸುತ್ತದೆ. ಬಲ್ಲವರು ಇದನ್ನು ಸಕ್ಕರೆ ಹಿಮ ಎನ್ನುತ್ತಾರೆ. ನನ್ನ ಕೈಗೆ ಅದು ಬನ್ಸಿ ರವೆ. ಎಷ್ಟು ಅದುಮಿದರೂ ಉಂಡೆ ಕಟ್ಟುವುದಿಲ್ಲ, ಬೆರಳ ಸಂದಿಯಿಂದ ಸುರಿದುಹೋಗುತ್ತದೆ. ಮುಂದೆ ಬಿದ್ದ ಹಿಮ, ಗಾಳಿ ತಂದು ಪೇರಿಸಿದ ಹಿಮ, ಎಲ್ಲ ಈ ರವೆಯ ಮೇಲೆ ಹಲಗೆಯಂತೆ ಕೂರುತ್ತದೆ. 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ ಒಬ್ಬರ ಭಾರಕ್ಕೇ ಆ ಹಲಗೆ ಬಿರಿದು ಜಾರಬಹುದು. ಸ್ಕೀ ಮಾಡಲು ಮನಸ್ಸು ಸೆಳೆಯುವ ಇಳಿಜಾರುಗಳೂ ಇವೇ.

2023ರ ಫೆಬ್ರುವರಿ 1ರಂದು ಇದೇ ಅಫರ್ವಾತ್‌ನಲ್ಲಿ ಹಿಮ ಕುಸಿದು ಪೋಲೆಂಡ್‌ನ ಇಬ್ಬರು ಸತ್ತರು. ಹಿಮಕುಸಿತ ಎಂದೊಡನೆ ನಮ್ಮವರಿಗೆ ನೆನಪಾಗುವುದು ಧಾರವಾಡ ಜಿಲ್ಲೆ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ. 2016ರಲ್ಲಿ ಸಿಯಾಚಿನ್‌ನಲ್ಲಿ ಆರು ದಿನ ಹಿಮದಡಿ ಹೂತಿದ್ದೂ ಉಸಿರು ಹಿಡಿದಿದ್ದರು. ಮೇಲೆತ್ತಿದ ಮೂರನೇ ದಿನ ತೀರಿಕೊಂಡರು. ಅದು ಅಪರೂಪದಲ್ಲಿ ಅಪರೂಪ. ಜಾರಿದ ಹಿಮ ನಿಂತ ಮರುಕ್ಷಣ ಗಾರೆಯಂತೆ ಬಿಗಿಯುತ್ತದೆ, ಮೊದಲ ಕಾಲು ಗಂಟೆ ದಾಟಿದರೆ ಬದುಕುವ ಆಸೆ ಸರ್ರನೆ ಇಳಿಯುತ್ತದೆ. ಅಷ್ಟರೊಳಗೆ ಅಗೆದು ತೆಗೆಯಬಲ್ಲವರು ಜೊತೆಗಾರರು ಮಾತ್ರ. ಹೂತವರ ಜಾಡು ಹಿಡಿಯುವ ಟ್ರಾನ್ಸೀವರ್‌, ಚುಚ್ಚುಕೋಲು, ಸಲಿಕೆ ಇಲ್ಲದವರ ಜೊತೆ ನಾನು ಹೊರಡುವುದೇ ಇಲ್ಲ.

ಚಂಡೀಗಢದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಜಿಆರ್‌ಇ ಕೊಡುವ ಹಿಮಕುಸಿತದ ಎಚ್ಚರಿಕೆ ಓದಲೇಬೇಕು. ಆದರೆ ಅದು ಹೇಳುವುದು ಒಂದಿಡೀ ಪ್ರದೇಶದ ಮಾತು. ಎದುರಿನ ಇಳಿಜಾರನ್ನು ಅಗೆದೇ ನೋಡಬೇಕು.

ಒಮ್ಮೆ ಹಾಗೆ ಅಗೆದೆವು, ಎದೆಯುದ್ದ. ಗೋಡೆಯಲ್ಲಿ 30 ಸೆಂಟಿಮೀಟರ್‌ ಚೌಕದ ಕಂಬ ಬಿಡಿಸಿ, ಮೇಲೆ ಸಲಿಕೆಯಿಟ್ಟು ತಟ್ಟುವುದು ಕ್ರಮ: ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು. ಹನ್ನೆರಡನೇ ಪೆಟ್ಟಿಗೆ ಮೇಲಿನ ತುಂಡು ಅಚ್ಚಿನಿಂದ ಬಿಟ್ಟ ಬೆಲ್ಲದಂತೆ ನುಣ್ಣಗೆ ಜಾರಿ ನನ್ನ ಮೊಣಕಾಲಿಗೆ ಬಂದು ಕೂತಿತು. ಅದರಡಿಯಲ್ಲಿ ನಾಲ್ಕು ಬೆರಳು ದಪ್ಪ ರವೆ. ಗೈಡ್‌ ಮಾತಾಡದೆ ಸಲಿಕೆ ಬಿಚ್ಚಿ ಚೀಲಕ್ಕೆ ಹಾಕಿಕೊಂಡರು. ಮಧ್ಯಾಹ್ನ ಬಾಬಾರೇಷಿ ಕಡೆಯ ಕಾಡಿನೊಳಗೆ, ಮರಗಳ ನಡುವೆ ಮೆಲ್ಲಗೆ ಇಳಿದೆವು.