ಬಾನಿಯೊಳಗೆ ಇಣುಕಿದ ನೀಲಿ

ಜಪಾನಿನ ನೀಲಿ ಬಣ್ಣಗಾರರಲ್ಲಿ ಅತಿ ತೆಳುವಾದ ನೀಲಿಯ ಹೆಸರು ‘ಕಮೆನೊಝೊಕಿ’, ಅಂದರೆ ಬಾನಿಯೊಳಗೆ ಇಣುಕಿದ್ದು. ಬಟ್ಟೆ ಬಣ್ಣದಲ್ಲಿ ಕ್ಷಣಕಾಲ ಮುಳುಗಿ ಬಂದಿದೆ, ಅಷ್ಟೆ. ಹೆಸರು ಕೆಲಸದಿಂದಲೇ ಹುಟ್ಟಿದೆ. ಮತ್ತೆ ಮತ್ತೆ ಅದ್ದಿದರೆ ಕಪ್ಪಿಗೆ ಹತ್ತಿರದ ‘ಕೋನ್’.

ತೊಕುಶಿಮಾದಲ್ಲಿ ಒಣಗಿದ ನೀಲಿ ಎಲೆಗೆ ನೀರುಣಿಸಿ, ಮಗುಚುತ್ತ ಸುಮಾರು 100 ದಿನ ಕೊಳೆಸಿ ‘ಸುಕುಮೊ’ ಮಾಡುತ್ತಾರೆ. ಅದು ಬೂದಿನೀರಿನಲ್ಲಿ ಹುದುಗಬೇಕು. ಬಾನಿಯಿಂದ ಹಸಿರಾಗಿ ಎದ್ದ ಬಟ್ಟೆ ಗಾಳಿ ತಾಗಿ ನೀಲಿಯಾಗುತ್ತದೆ.

1897ರಲ್ಲಿ ಜರ್ಮನಿಯಿಂದ ಮಾರುಕಟ್ಟೆಗೆ ಬಂದ ಕೃತಕ ನೀಲಿಯ ಮುಖ್ಯ ಅಣುವೂ ಇದೇ. ಹಾಗಾಗಿ ಸಹಜ ನೀಲಿಯನ್ನು ಬರೀ ಬಣ್ಣಕ್ಕಾಗಿ ಹೊಗಳುವ ವಿಮರ್ಶೆ ಸೋಲುತ್ತದೆ. ಬಾನಿಗಳು ಬರಿದಾದರೂ ನೀಲಿ ಉಳಿದೀತು. ‘ಇಣುಕಿದ್ದು’ ಎಂದರೇನೆಂದು ಹೇಳುವವರು ಉಳಿಯಲಾರರು.