ಆರು ತಿಂಗಳ ಸೂತ್ರ ಮತ್ತು ಕುರ್ಲಾದ ಪ್ಯಾಸೇಜು

ಬೆಕ್ಕಿನ ಮರಿಯನ್ನು ಮೊದಲ ಸಲ ಮನೆಯಿಂದ ಹೊರಗೆ ಯಾವಾಗ ಬಿಡಬೇಕು ಎಂಬ ಪ್ರಶ್ನೆಗೆ ಇಂಗ್ಲೆಂಡಿನ ಸಾಕಣೆ ಕೈಪಿಡಿಗಳ ಉತ್ತರ ಹೆಚ್ಚುಕಡಿಮೆ ಒಂದೇ: ಲಸಿಕೆಗಳು ಮುಗಿದು, ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿ, ಐದಾರು ತಿಂಗಳು ತುಂಬಿದ ಮೇಲೆ. ಬೆಕ್ಕು ಸಾಕುವ ಮುಂಬಯಿಗರ ಬಾಯಲ್ಲೂ ಈಗ ಇದೇ ಸೂತ್ರ, ಅದೂ ಪಂಚಾಂಗ ನೋಡಿ ಹೇಳಿದಷ್ಟು ಖಚಿತವಾಗಿ. ಕುರ್ಲಾದಂಥ ಉಪನಗರದಲ್ಲಿ ಅದಕ್ಕೆ ಸಿಕ್ಕಿರುವ ಮರ್ಯಾದೆ ಅದರ ಯೋಗ್ಯತೆಯನ್ನು ಮೀರಿದ್ದು. ಅದರ ವೈದ್ಯಕೀಯ ಭಾಗ ಗಟ್ಟಿ, ತಿಂಗಳ ಲೆಕ್ಕ ಪೊಳ್ಳು. ಹೊರಗೆ ಬಿಡಲು ಅದು ಕಲಿಸುವ ವಿಧಾನವಂತೂ ಚಾಳಿನ ಬಾಗಿಲಲ್ಲಿ ತಲೆಕೆಳಗಾಗುತ್ತದೆ.

ವೈದ್ಯಕೀಯ ಭಾಗದ ಬಗ್ಗೆ ಜಗಳವಿಲ್ಲ. ಆರರಿಂದ ಎಂಟು ವಾರದ ಹೊತ್ತಿಗೆ ಮೊದಲ ಲಸಿಕೆ, ಮೂರು-ನಾಲ್ಕು ವಾರಕ್ಕೊಮ್ಮೆ ಮತ್ತೆ, 16 ವಾರ ತುಂಬಿದ ಮೇಲೆ ಆ ಸರಣಿಯ ಕೊನೆಯದು. 12 ವಾರದ ನಂತರ ರೇಬಿಸ್ ಲಸಿಕೆ. ತಾಯಿಹಾಲಿನಿಂದ ಬಂದ ಪ್ರತಿಕಾಯಗಳು ಇಳಿಯುವವರೆಗೆ ಲಸಿಕೆ ನಾಟುವುದಿಲ್ಲ, ಅವು ಇಳಿಯುವ ಹೊತ್ತು ಒಂದೊಂದು ಮರಿಗೆ ಒಂದೊಂದು. 16 ವಾರದ ಷರತ್ತು ಬಂದದ್ದು ಆ ಕಾರಣಕ್ಕೆ. ಮರಿಗಳನ್ನು ಒಂದೆರಡು ದಿನದಲ್ಲಿ ಕೊಲ್ಲಬಲ್ಲ ಪ್ಯಾನ್‌ಲ್ಯುಕೋಪೀನಿಯಾದ ವೈರಸ್ಸು ನೆಲದಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು, ಚಪ್ಪಲಿಗೆ ಅಂಟಿಕೊಂಡು ಒಳಗೂ ಬರುತ್ತದೆ. ಹಾಗಾಗಿ ಹೊಸ್ತಿಲು ದಾಟದ ಮರಿಗೂ ಲಸಿಕೆ ಬೇಕೇ ಬೇಕು. ಪರೇಲಿನ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಹತ್ತೊಂಬತ್ತನೆಯ ಶತಮಾನದಿಂದ ನಡೆಯುತ್ತಿದೆ. ಕುರ್ಲಾದಿಂದ ಸ್ಲೋ ಗಾಡಿ ಹತ್ತಿದರೆ ಸಾಯನ್, ಮಾಟುಂಗಾ, ದಾದರ್ ಕಳೆದು ನಾಲ್ಕನೆಯ ಸ್ಟೇಷನ್ನು. ದೂರದ ನೆಪ ಹೇಳುವಂತಿಲ್ಲ.

ಆರು ಎಂಬ ಅಂಕಿಯ ಕತೆ ಬೇರೆ. ಅದು ಮರಿಯ ಬುದ್ಧಿಯನ್ನೋ ಬಲವನ್ನೋ ಅಳೆದು ಬಂದದ್ದಲ್ಲ. ಹಿಂದೆ ಬೆಕ್ಕುಗಳ ಸಂತಾನಹರಣವನ್ನು ಆರು ತಿಂಗಳಿಗೆ ಮಾಡುವುದು ವಾಡಿಕೆಯಾಗಿತ್ತು, ಹೊರಗೆ ಬಿಡುವ ದಿನ ಅದರ ಬಾಲ ಹಿಡಿದು ಬಂತು. ಹೆಣ್ಣು ಮರಿ ನಾಲ್ಕು ತಿಂಗಳಿಗೇ ಬೆದೆಗೆ ಬರಬಹುದು, ಒಂಬತ್ತು ವಾರಕ್ಕೆ ಈಯುತ್ತದೆ. ಬ್ರಿಟನ್ನಿನ ಕ್ಯಾಟ್ಸ್ ಪ್ರೊಟೆಕ್ಷನ್ ಸಂಸ್ಥೆ ಈಗ ನಾಲ್ಕು ತಿಂಗಳೊಳಗೇ ಶಸ್ತ್ರಚಿಕಿತ್ಸೆ ಮುಗಿಸಿ ಎನ್ನುತ್ತದೆ. ಆಧಾರ ಸರಿದುಹೋದ ಮೇಲೂ ಅಂಕಿ ನಿಂತಿದೆ. ಹಗಲಿನ ಉದ್ದ ಬೆಕ್ಕಿನ ಬೆದೆಯನ್ನು ನಿಯಂತ್ರಿಸುತ್ತದೆ. ಬ್ರಿಟನ್ನಿನ ಚಳಿಗಾಲದ ಗಿಡ್ಡ ಹಗಲು ಅಲ್ಲಿನ ಬೆಕ್ಕುಗಳಿಗೆ ಕೊಡುವ ಬಿಡುವು 19 ಡಿಗ್ರಿ ಅಕ್ಷಾಂಶದ ಮುಂಬಯಿಯ ಬೆಕ್ಕಿಗೆ ಅಷ್ಟಾಗಿ ಸಿಗುವುದಿಲ್ಲ. ಆರು ತಿಂಗಳವರೆಗೆ ಶಸ್ತ್ರಚಿಕಿತ್ಸೆಗೆ ಕಾಯುವುದು ಇಲ್ಲಿ ಇನ್ನೂ ದುಬಾರಿ.

ತಿಂಗಳು ಎಣಿಸುವವರು ಮಳೆಗಾಲವನ್ನು ಎಣಿಸುವುದಿಲ್ಲ. ಜನವರಿಯಲ್ಲಿ ಹುಟ್ಟಿದ ಮರಿಗೆ ಆರು ತುಂಬುವುದು ಜುಲೈಯಲ್ಲಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದು ಮೀಠಿ ನದಿ ಉಕ್ಕಿದಾಗ ಕುರ್ಲಾದ ತಗ್ಗು ವಸತಿಗಳು ಮುಳುಗಿದ್ದವು. ಅಂಥ ದಿನ ಅಪರೂಪವೇ, ಆದರೆ ನೆಲಮಹಡಿಯ ಗಟಾರ ತುಂಬಿ ಹರಿಯಲು ಅಷ್ಟು ಮಳೆ ಬೇಕಿಲ್ಲ. ಏಪ್ರಿಲ್‌ನಲ್ಲಿ ಹುಟ್ಟಿದ ಮರಿಯ ಆರು ತಿಂಗಳು ದೀಪಾವಳಿಯ ಪಟಾಕಿಯ ಹೊತ್ತಿಗೆ ಬಂದು ನಿಲ್ಲುತ್ತದೆ. ವಯಸ್ಸಾಗಿರಲಿ ಬಿಡಲಿ, ಜೂನ್‌ನಿಂದ ದೀಪಾವಳಿ ಮುಗಿಯುವವರೆಗೆ ಕುರ್ಲಾದ ಮರಿಯನ್ನು ಮೊದಲ ಸಲ ಹೊರಗೆ ಬಿಡದಿರುವುದು ಒಳ್ಳೆಯದು.

ಸೂತ್ರದ ಹೆಸರು ನಿಂತಿರುವುದು ಮುಖ್ಯವಾಗಿ ಅದರ ವಿಧಾನದ ಮೇಲೆ. ಊಟಕ್ಕೆ ಮುಂಚೆ, ಮರಿ ಹಸಿದಿರುವಾಗ, ಗಲಾಟೆಯಿಲ್ಲದ ಹೊತ್ತಿನಲ್ಲಿ ಬಾಗಿಲು ತೆರೆಯಬೇಕು; ತೆರೆದೇ ಇಡಬೇಕು; ಹತ್ತು ನಿಮಿಷ ಬಿಟ್ಟು ತಟ್ಟೆ ಬಡಿದು ಕರೆಯಬೇಕು. ಸುಲಭವಾಗಿ ಕಾಣುವ ಈ ಮೂರು ಹೆಜ್ಜೆಗಳ ಹಿಂದೆ ಮೂರು ನಂಬಿಕೆಗಳಿವೆ: ಊಟ ಇರುವುದು ಮನೆಯಲ್ಲಿ ಮಾತ್ರ, ಬಾಗಿಲಾಚೆ ಇರುವುದು ಆ ಮನೆಯದೇ ಅಂಗಳ, ತನ್ನ ಬಾಗಿಲು ಯಾವುದೆಂದು ಮರಿಗೆ ಗೊತ್ತು.

ಮೊದಲನೆಯದನ್ನು ನೋಡಬೇಕು. ಇಲ್ಲಿ ಹಸಿವೇ ಹಗ್ಗ; ಹಗ್ಗದ ಇನ್ನೊಂದು ತುದಿ ಮನೆಯ ತಟ್ಟೆಗೆ ಕಟ್ಟಿದೆ ಎಂದು ಕೈಪಿಡಿ ನಂಬಿದೆ. ಸುತ್ತ ತೋಟಗಳಿರುವ ಇಂಗ್ಲಿಷ್ ಬಡಾವಣೆಯಲ್ಲಿ ಈ ನಂಬಿಕೆ ಸುಳ್ಳಲ್ಲದಿರಬಹುದು. ಕುರ್ಲಾದಲ್ಲಿ ಹಸಿದ ಮರಿಗೆ ಮೊದಲು ಮೂಗಿಗೆ ಬಡಿಯುವುದು ಮೀನು ಮಾರುವವಳ ಬುಟ್ಟಿಯ ನೀರು, ಕೋಳಿ ಅಂಗಡಿಯ ತಿಪ್ಪೆ, ಉಡುಪಿ ಹೋಟೆಲಿನ ಹಿಂಬಾಗಿಲ ಹಾಲಿನ ಪಾತ್ರೆ, ಸಂಜೆ ಬೀದಿ ಬೆಕ್ಕುಗಳಿಗೆ ಅನ್ನ ಕಲಸಿ ಇಡುವ ಅಜ್ಜಿಯ ಮೂಲೆ. ಹೊಟ್ಟೆ ತುಂಬಿದ ಮರಿ ಬಾಗಿಲ ಬಳಿಯೇ ಮೂಸುತ್ತ ಸುತ್ತುತ್ತದೆ, ಹಸಿದದ್ದು ನೇರ ಅತ್ತ ನಡೆಯುತ್ತದೆ. ಮನೆಗೆ ಎಳೆಯಬೇಕಾದ ಹಸಿವು ಬೀದಿಗೆ ತಳ್ಳುತ್ತದೆ. ಅಲ್ಲಿ ಕಾಯುವುದು ಊಟವೊಂದೇ ಅಲ್ಲ. ಪಾಲಿಕೆಯ ಕೀಟನಿಯಂತ್ರಣ ವಿಭಾಗ ಇಲಿಯ ಬಿಲಗಳಿಗೆ ವಿಷ ಹಾಕಿಸುತ್ತದೆ, ಅಂಗಡಿಯವರು ತಮ್ಮದೇ ಪೊಟ್ಟಣ ಇಡುತ್ತಾರೆ. ವಿಷ ತಿಂದು ತೂರಾಡುವ ಇಲಿಯೇ ಮರಿಗೆ ಸಿಗುವ ಸುಲಭದ ಬೇಟೆ. ಹೆಗ್ಗಣವಾದರೆ ಒಂದು ಕಿಲೋ ದಾಟಬಲ್ಲದು, ಮೂರು ತಿಂಗಳ ಮರಿಯ ತೂಕ ಸುಮಾರು ಒಂದೂಕಾಲು ಕಿಲೋ. ಯಾರು ಯಾರ ಬೇಟೆ ಎಂದು ಹೇಳುವುದು ಕಷ್ಟ.

ಎರಡನೆಯ ನಂಬಿಕೆಯನ್ನು ವಾದಿಸಿ ಕೆಡಹಬೇಕಾಗಿಲ್ಲ. ಚಾಳಿನ ಖೋಲಿಯ ಬಾಗಿಲಾಚೆ ಇರುವುದು ಪ್ಯಾಸೇಜು, ಅದು ಎಲ್ಲರದು.

ಮೂರನೆಯದು ಸೂಕ್ಷ್ಮ. ತೆರೆದ ಬಾಗಿಲು ಮರಿಗೆ ದಾರಿ ತೋರುತ್ತದೆ ಎನ್ನುವವರು ಹಗಲಿಡೀ ಎಲ್ಲರ ಬಾಗಿಲೂ ತೆರೆದಿರುವ ಪ್ಯಾಸೇಜನ್ನು ಕಂಡವರಲ್ಲ. ಒಂದೇ ಬಣ್ಣದ, ಒಂದೇ ಅಳತೆಯ ಹತ್ತಿಪ್ಪತ್ತು ಬಾಗಿಲುಗಳ ನಡುವೆ ಮರಿ ತನ್ನದನ್ನು ಗುರುತಿಸುವುದು ವಾಸನೆಯಿಂದ. ಕೆನ್ನೆ ಉಜ್ಜಿ, ಪಾದ ಊರಿ ತಾನೇ ಬಿಟ್ಟುಹೋದ ಗುರುತುಗಳನ್ನು ಹಿಡಿದು ಅದು ಮರಳುತ್ತದೆ. ಆ ಗುರುತುಗಳನ್ನು ಬೆಳಗಿನ ಫಿನಾಯಿಲ್ ನೀರು ತೊಳೆದುಹಾಕುತ್ತದೆ. ಕರಿ ಫಿನಾಯಿಲಿನಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕಗಳನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ಒದ್ದೆ ನೆಲ ತುಳಿದು ಪಾದ ನೆಕ್ಕಿದ ಮರಿ ವಿಷ ನೆಕ್ಕಿದಂತೆಯೇ. ನೆರೆಮನೆಯ ನಾಯಿಯ ಬಗ್ಗೆ ಪುಟಗಟ್ಟಲೆ ಎಚ್ಚರಿಸುವ ಕೈಪಿಡಿ ನೆಲ ಒರೆಸುವ ಬಕೆಟ್ಟಿನತ್ತ ತಿರುಗಿಯೂ ನೋಡುವುದಿಲ್ಲ. ‘ಗಲಾಟೆಯಿಲ್ಲದ ಹೊತ್ತು’ ಎಂದು ಹಲವರು ಆರಿಸಿಕೊಳ್ಳುವ ಮುಂಜಾವು ಈ ಒರೆಸುವಿಕೆಯ ಹೊತ್ತೂ ಹೌದು. ನೆಲ ಒಣಗಿ, ಗಂಡಸರು ಕೆಲಸಕ್ಕೂ ಮಕ್ಕಳು ಶಾಲೆಗೂ ಹೋಗಿ ಪ್ಯಾಸೇಜು ತಣ್ಣಗಾಗುವ ಮಧ್ಯಾಹ್ನವೇ ಚಾಳಿನಲ್ಲಿ ತಕ್ಕ ಸಮಯ. ಅದೂ ಊಟಕ್ಕೆ ಮುಂಚೆ ಅಲ್ಲ, ಅರೆಹೊಟ್ಟೆ ಉಣ್ಣಿಸಿದ ಮೇಲೆ.

ಈ ವಿಧಾನವನ್ನು ಟೀಕಿಸುವವರು ಮೊದಲೂ ಇದ್ದಾರೆ, ಆದರೆ ಅವರ ನೆರವೂ ಹೆಚ್ಚಿಲ್ಲ. ಬೆಕ್ಕನ್ನು ಜೀವಮಾನವಿಡೀ ಒಳಗೇ ಇಡಬೇಕೆನ್ನುವ ಅಮೆರಿಕದ ಪಂಥಕ್ಕೆ ಮುಚ್ಚಿದ ಬಾಗಿಲುಗಳ ಮನೆ ಬೇಕು. ಪುನರ್ವಸತಿ ಕಟ್ಟಡದ 300 ಚದರಡಿಯ ಫ್ಲ್ಯಾಟಿನಲ್ಲಿ ಅದು ಸಾಧ್ಯ, ಗಾಳಿಗೆ ಬಾಗಿಲು ಬಿಟ್ಟರೆ ಬೇರೆ ದಾರಿಯಿಲ್ಲದ ಖೋಲಿಯಲ್ಲಿ ಆಗದು. ಇದಕ್ಕಿಂತ ಅಪಾಯದ ಮಾತು ಇನ್ನೊಂದು ಗುಂಪಿನದು: ಬೆಕ್ಕು ಎತ್ತರದಿಂದ ಬಿದ್ದರೂ ಬದುಕುತ್ತದೆ, ಆದ್ದರಿಂದ ಕಿಟಕಿ ಬಾಲ್ಕನಿಗಳ ಚಿಂತೆ ಅತಿಯಾದದ್ದು. ಆಧಾರವಾಗಿ ಅವರು ಹಿಡಿದುಕೊಳ್ಳುವುದು ನ್ಯೂಯಾರ್ಕಿನ ಪಶುವೈದ್ಯರಾದ ವಿಟ್ನಿ ಮತ್ತು ಮೆಲ್‌ಹಾಫ್ 1987ರಲ್ಲಿ ಪ್ರಕಟಿಸಿದ ಅಧ್ಯಯನವನ್ನು. ಬಿದ್ದು ಆಸ್ಪತ್ರೆಗೆ ಬಂದ 132 ಬೆಕ್ಕುಗಳಲ್ಲಿ ಶೇಕಡಾ 90 ಬದುಕಿದವು, ಏಳನೆಯ ಮಹಡಿಯಿಂದ ಮೇಲೆ ಗಾಯ ಹೆಚ್ಚುವ ಬದಲು ತಗ್ಗಿತು ಎಂದು ಅದು ಹೇಳಿತು. ಲೆಕ್ಕ ಆಸ್ಪತ್ರೆಯ ಬಾಗಿಲಲ್ಲಿ ಶುರುವಾಯಿತು. ಬಿದ್ದಲ್ಲೇ ಸತ್ತ ಬೆಕ್ಕನ್ನು ಆಸ್ಪತ್ರೆಗೆ ಹೊರುವವರು ಯಾರು? ಝಾಗ್ರೆಬ್ ನಗರದ 119 ಬೆಕ್ಕುಗಳ ಮೇಲೆ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಬದುಕಿದವೇ ಹೆಚ್ಚು, ಆ ಲೆಕ್ಕವೂ ಆಸ್ಪತ್ರೆಯದೇ. ಆದರೆ ಏಳು ಮತ್ತು ಅದಕ್ಕೂ ಮೇಲಿನ ಮಹಡಿಗಳಿಂದ ಬಿದ್ದವುಗಳ ಗಾಯ ಅಲ್ಲಿ ಹೆಚ್ಚು ತೀವ್ರವಾಗಿತ್ತು. ಈ ಚರ್ಚೆಗೆ ಇನ್ನೂ ಮುಖ್ಯವಾದ ಸಂಗತಿ ಅದರಲ್ಲಿದೆ: ಬಿದ್ದವುಗಳಲ್ಲಿ ಸುಮಾರು ಶೇಕಡಾ 60 ಒಂದು ವರ್ಷ ತುಂಬದವು. ಗಾಳಿಯಲ್ಲಿ ತಿರುಗಿ ಕಾಲೂರುವ ಕಲೆ ಮರಿಗೆ ಏಳು ವಾರದೊಳಗೇ ಸಿದ್ಧಿಸುತ್ತದೆ. ಎತ್ತರ ಅಳೆಯುವ ವಿವೇಕ ಅಷ್ಟು ಬೇಗ ಬರುವುದಿಲ್ಲ. ಮುಂಬಯಿಯ ಬಾಕ್ಸ್ ಗ್ರಿಲ್ಲು ಕಳ್ಳನ ಅಳತೆಗೆ ಮಾಡಿದ್ದು. ತಲೆ ತೂರಿದಲ್ಲೆಲ್ಲ ಮರಿಯ ಮೈ ತೂರುತ್ತದೆ. ಪಾರಿವಾಳ ತಡೆಯಲು ಕಟ್ಟುವ ನೈಲಾನ್ ಬಲೆ ಉಗುರಿಗೆ ಸೀಳುತ್ತದೆ. ಮೇಲ್ಮಹಡಿಗಳ ಮರಿಗೆ ಆರು ತಿಂಗಳಾದರೂ ಆರು ವರ್ಷವಾದರೂ ‘ಹೊರಗೆ’ ಎಂಬುದಿಲ್ಲ.

ಈ ಗದ್ದಲದಲ್ಲಿ ಯಾರೂ ತಿರುಗಿ ನೋಡದ ಪದ್ಧತಿಯೆಂದರೆ ತಾಯಿಬೆಕ್ಕಿನದು. ದಕ್ಷಿಣ ಕನ್ನಡ, ಉಡುಪಿಯ ಮನೆಗಳಲ್ಲಿ ಮರಿಯನ್ನು ಹೊರಗೆ ‘ಬಿಡುವ’ ದಿನವೊಂದು ಇರಲೇ ಇಲ್ಲ. ತಾಯಿ ಮರಿಗಳನ್ನು ಕಚ್ಚಿಕೊಂಡು ಏಳು ಮನೆ ತಿರುಗಿಸುತ್ತದೆ ಎಂದು ಹೇಳಿ ಜನ ಸುಮ್ಮನಿರುತ್ತಿದ್ದರು. ಆ ಕಡೆಯಿಂದ ಬಂದು ಹೋಟೆಲು ನಡೆಸಿದವರ ಅಕ್ಕಿಮೂಟೆಯ ಕೋಣೆಗಳಲ್ಲೂ ಬೆಕ್ಕಿನ ಸಂಸಾರ ಹೀಗೆಯೇ ಸಾಗಿತು. ಶ್ರೀವೈಷ್ಣವರ ಮಾರ್ಜಾಲ ಕಿಶೋರ ನ್ಯಾಯದಲ್ಲಿ ಮರಿ ಏನೂ ಮಾಡದೆ ತಾಯಿಯ ಬಾಯಿಗೆ ತನ್ನನ್ನು ಒಪ್ಪಿಸಿಕೊಳ್ಳುತ್ತದೆ. ಅದು ಮೊದಲ ವಾರಗಳ ಚಿತ್ರ ಮಾತ್ರ. ನಾಲ್ಕನೆಯ ವಾರದ ಹೊತ್ತಿಗೆ ತಾಯಿ ಸತ್ತ ಬೇಟೆ ತರುತ್ತದೆ, ಆಮೇಲೆ ಅರೆಜೀವದ್ದು. ನಿಂತು, ಮೂಸಿ, ಹಿಂದಿರುಗಿ ನೋಡಿ, ಮರಿಗಳನ್ನು ಸ್ವಲ್ಪಸ್ವಲ್ಪವೇ ದೂರ ಒಯ್ಯುತ್ತದೆ. ಅವಸರದಲ್ಲಿ ಹತ್ತು ನಿಮಿಷಕ್ಕೆ ತಟ್ಟೆ ಬಡಿಯುವ ವಿಧಾನಕ್ಕಿಂತ ಇದು ಎಷ್ಟೋ ಮೇಲು.

ತಾಯಿಯ ಪದ್ಧತಿಗೂ ಲೆಕ್ಕವಿದೆ, ಅದು ಕ್ರೂರ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಬೀದಿ ಬೆಕ್ಕುಗಳ 169 ಮರಿಗಳನ್ನು ಗಮನಿಸಿದ, 2004ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಆರು ತಿಂಗಳೊಳಗೆ ಶೇಕಡಾ 75 ಸತ್ತವು ಇಲ್ಲವೇ ಕಾಣೆಯಾದವು. ಸಾವಿನ ಕಾರಣ ತಿಳಿದಲ್ಲಿ ಪೆಟ್ಟಿನ ಗಾಯವೇ ಮುಂದಿತ್ತು. ಅಪಾಯ ಹೊರಗಿನ ಜಾಗದ್ದು, ಕಲಿಸುವ ಕ್ರಮದ್ದಲ್ಲ. ಹಾಗಾಗಿ ಕ್ರಮವನ್ನು ಉಳಿಸಿಕೊಂಡು ಜಾಗವನ್ನು ಕಿರಿದು ಮಾಡಬೇಕು. ನೆಲಮಹಡಿ ಅಥವಾ ಮೊದಲ ಮಹಡಿಯ ಚಾಳಿನಲ್ಲಿ ಆ ಜಾಗ ಪ್ಯಾಸೇಜೇ. 16 ವಾರದ ಲಸಿಕೆಯಾಗಿ ಒಂದೆರಡು ವಾರ ಕಳೆದು, ಶಸ್ತ್ರಚಿಕಿತ್ಸೆಯ ಹೊಲಿಗೆ ಮಾಗಿದ ಮೇಲೆ, ಒಣ ಹವೆಯ ತಿಂಗಳಲ್ಲಿ, ತಾಯಿ ಇದ್ದರೆ ತಾಯಿಯ ಜೊತೆ, ಇಲ್ಲವಾದರೆ ಮನೆಯ ಹಿರಿಯ ಬೆಕ್ಕಿನ ಅಥವಾ ಹೊಸ್ತಿಲಲ್ಲಿ ಕುಳಿತ ಮನುಷ್ಯರ ಜೊತೆ. ಮೊದಲು ತನ್ನ ಬಾಗಿಲಿನಿಂದ ಪಕ್ಕದ ಬಾಗಿಲಿನವರೆಗೆ, ಬಳಿಕ ಮೆಟ್ಟಿಲ ತಲೆಯವರೆಗೆ. ರಸ್ತೆ ಈ ಪಾಠದಲ್ಲಿ ಸೇರಿಲ್ಲ; ಎಲ್‌ಬಿಎಸ್ ಮಾರ್ಗದ ಲಾರಿಗಳ ನಡುವೆ ಬದುಕಲು ಯಾವ ತಾಯಿಬೆಕ್ಕೂ ಕಲಿಸಲಾರದು. ಬೀದಿಗಿಳಿಯುವ ಚಪಲ ಬಿಡದ ಮರಿಯನ್ನು ಮತ್ತೆ ಒಳಗೆ ಹಾಕುವುದೇ ಉಳಿದಿರುವ ದಾರಿ, ಅದು ರಾತ್ರಿಯಿಡೀ ಕೂಗಿದರೂ.

ಕೊನೆಯದಾಗಿ ಗುರುತಿನ ವಿಷಯ. ಇಂಗ್ಲೆಂಡಿನಲ್ಲಿ 2024ರ ಜೂನ್ 10ರಿಂದ 20 ವಾರ ದಾಟಿದ ಸಾಕುಬೆಕ್ಕಿಗೆ ಮೈಕ್ರೋಚಿಪ್ ಕಡ್ಡಾಯ, ಕೈಪಿಡಿಗಳೂ ಚಿಪ್ಪನ್ನೇ ನೆಚ್ಚಿಕೊಂಡಿವೆ. ಕುರ್ಲಾದ ಗಲ್ಲಿಯಲ್ಲಿ ಬೆಕ್ಕು ಹಿಡಿದವರ ಕೈಯಲ್ಲಿ ಚಿಪ್ ಓದುವ ಯಂತ್ರ ಇರುವುದು ಅಪರೂಪ. ಕೊರಳಪಟ್ಟಿ ಎಳೆದಾಗ ತಾನೇ ಬಿಚ್ಚಿಕೊಳ್ಳದಿದ್ದರೆ ಗ್ರಿಲ್ಲಿಗೆ ಸಿಕ್ಕಿ ಉರುಳಾಗುತ್ತದೆ, ಬಿಚ್ಚಿಕೊಂಡರೆ ಗುರುತು ಹೋಯಿತು. ಸಂತಾನಹರಣವಾದ ಬೀದಿ ಬೆಕ್ಕಿನ ಕಿವಿಯ ತುದಿಯನ್ನು ಕತ್ತರಿಸುವುದು ರೂಢಿ. ಆ ಗುರುತಿಲ್ಲದ ಸಾಕುಹೆಣ್ಣು ಪ್ಯಾಸೇಜಿನಿಂದ ಕೆಳಗಿಳಿದು ಹಿಡಿಯುವವರ ಬೋನಿಗೆ ಬಿದ್ದರೆ, ಕೂದಲು ಬೆಳೆದು ಹೊಲಿಗೆ ಮರೆಯಾದ ಹೊಟ್ಟೆಯನ್ನು ಇನ್ನೊಮ್ಮೆ ಸೀಳುವ ಸಂಭವವಿದೆ. ಮುದ್ದಿನ ಮರಿಯ ಕಿವಿ ಕತ್ತರಿಸಲು ಮನಸ್ಸು ಒಪ್ಪದಿರಬಹುದು. ಒಂದೇ ಅರಿವಳಿಕೆಯಲ್ಲಿ, ಶಸ್ತ್ರಚಿಕಿತ್ಸೆಯ ಮೇಜಿನ ಮೇಲೇ ಅದನ್ನೂ ಮಾಡಿಸಿಬಿಡುವುದು ಚಾಳಿನ ಮರಿಯ ಮಟ್ಟಿಗೆ ಚಿಪ್ಪಿಗಿಂತ ಉಪಯುಕ್ತ.