ಮೂಕಜ್ಜಿಯ ಪಕ್ಕದ ಜಾಗ

ಕಳೆದ ಮಳೆಗಾಲದಲ್ಲಿ ಕಾರ್ಕಳದ ಮನೆಯ ಬಚ್ಚಲಲ್ಲಿ ಅಮ್ಮ ಜಾರಿ ಬಿದ್ದರು. ಮಣಿಪಾಲದಿಂದ ನಾನು ತಲುಪುವಷ್ಟರಲ್ಲಿ ನೆರೆಯವರು ಎತ್ತಿ ಕೂರಿಸಿದ್ದರು. ಗೋಡೆಗೆ ಹಿಡಿಕೆ ಹಾಕಿಸಿದೆ, ರಾತ್ರಿಗೊಂದು ಸಣ್ಣ ದೀಪ ಇಟ್ಟೆ. ಅಲ್ಲಿಯೇ ಉಳಿದ ಆ ವಾರ ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಮತ್ತೆ ಓದಿದೆ.

1968ರ ಕಾದಂಬರಿ. ವಿದ್ಯಾರ್ಥಿಗಳಾಗಿದ್ದಾಗ ನಾವು ಚರ್ಚಿಸಿದ್ದೆಲ್ಲ ದೇವರು, ಕಾಮ, ಇತಿಹಾಸ. ಈ ಸಲ ಕಣ್ಣಿಗೆ ಬಿದ್ದವನು ಸುಬ್ಬರಾಯ. ಊರಿಗೆ ಅರೆಮರುಳಾಗಿ ಕಾಣುವ ಮುದುಕಿಯ ಬಳಿ ಕೂತು ಅವನು ಪ್ರಶ್ನೆ ಕೇಳುತ್ತಾನೆ, ಏನನ್ನೋ ತಂದು ಕೈಗಿಡುತ್ತಾನೆ, ಅಜ್ಜಿ ಮಾತಾಡುತ್ತಾಳೆ. ಅವಳ ಅತೀಂದ್ರಿಯ ದೃಷ್ಟಿಯನ್ನು ನಂಬುವುದು ನನಗೆ ಈಗಲೂ ಕಷ್ಟ. ಮೊಮ್ಮಗನ ಬಿಡುವನ್ನು ನಂಬುವುದು ಇನ್ನೂ ಕಷ್ಟ!

ಒಂದು ತಕರಾರೂ ಇದೆ. ಸಾವಿರಾರು ವರ್ಷಗಳಾಚೆ ನೋಡಬಲ್ಲ ಈ ಅಜ್ಜಿಯ ಮಂಡಿನೋವು, ಹೊಸ್ತಿಲು ದಾಟುವ ಅಂಜಿಕೆ ಕಾದಂಬರಿಗೆ ಅಷ್ಟಾಗಿ ಬೇಕಿಲ್ಲ. ಕೋಟದಲ್ಲಿ ಹುಟ್ಟಿದ ಕಾರಂತರಿಗೆ ನಮ್ಮ ಅಂಗಳದ ಪಾಚಿ ಗೊತ್ತಿರಲಿಲ್ಲವೇ? ಅವರಿಗೆ ಅಜ್ಜಿಯ ಕಣ್ಣು ಮುಖ್ಯವಾಯಿತು, ಕಾಲಲ್ಲ.

ಹೊರಡುವ ದಿನ ಅಮ್ಮನ ಕೈಗೆ ತುಕ್ಕು ಹಿಡಿದ ಬೀಗದ ಕೈಯೊಂದನ್ನು ಕೊಟ್ಟು, ಯಾವುದರದ್ದೆಂದು ಕೇಳಿದೆ. ಕಾಪುವಿನ ತವರುಮನೆಯ ಪತ್ತಾಯದ್ದಂತೆ. ಮಾತು ಮುಗಿಯುವಾಗ ಉಡುಪಿಯ ಕೊನೆಯ ಬಸ್ಸು ಹೋಗಿತ್ತು.